ಹಳೆಯ ಲಾರಿ ಮತ್ತು ಘಾಟಿಯ ಇಳಿಜಾರು

ಲಾರಿಗಳ ಮೂತಿಯ ಮೇಲೆ 1210, 1613 ಎಂಬಂತಹ ಅಂಕಿಗಳನ್ನು ನೀವು ಗಮನಿಸಿರಬಹುದು. ಇವು ಬರಿಯ ಮಾದರಿ ಸಂಖ್ಯೆಗಳಲ್ಲ. ಮೊದಲ ಎರಡು ಅಂಕಿಗಳು ಸರಕು ಸೇರಿದಂತೆ ಲಾರಿಯ ಒಟ್ಟು ತೂಕವನ್ನು ಟನ್‌ಗಳಲ್ಲಿ ಸೂಚಿಸುತ್ತವೆ. ಕೊನೆಯ ಎರಡು ಅಂಕಿಗಳನ್ನು ಹತ್ತರಿಂದ ಗುಣಿಸಿದರೆ ಎಂಜಿನ್‌ನ ಅಶ್ವಸಾಮರ್ಥ್ಯ ಸರಿಸುಮಾರಾಗಿ ದೊರೆಯುತ್ತದೆ. ಅಂದರೆ 1613 ಎಂಬುದು ಸುಮಾರು 16 ಟನ್ ತೂಗುವ, ಸುಮಾರು 130 ಅಶ್ವಸಾಮರ್ಥ್ಯದ ಲಾರಿ. 1954ರಲ್ಲಿ ಜಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆಯು ಲಾರಿ ತಯಾರಿಕೆಗಾಗಿ ಜರ್ಮನಿಯ ಡೈಮ್ಲರ್-ಬೆಂಝ್ ಸಂಸ್ಥೆಯೊಡನೆ ಕೈಜೋಡಿಸಿತು. ಈ ಹೆಸರಿಡುವ ಪದ್ಧತಿಯೂ ಆ ಸಂಸ್ಥೆಯದೇ. ಇಂತಹ ಬಹಳಷ್ಟು ಲಾರಿಗಳನ್ನು ಎಳೆದ 697 ಎಂಬ ಎಂಜಿನ್‌ನ ಹೆಸರಿನಲ್ಲೂ ಲೆಕ್ಕವಿದೆ. ಅದಕ್ಕೆ 6 ಸಿಲಿಂಡರ್‌ಗಳು, ಪ್ರತಿಯೊಂದರ ಒಳವ್ಯಾಸ 97 ಮಿ.ಮೀ. ಪಿಸ್ಟನ್ನಿನ ಚಲನೆಯ ಉದ್ದ 128 ಮಿ.ಮೀ. ಎಂದು ಹೇಳಿದರೆ, ಎಂಜಿನ್‌ನ ಒಟ್ಟು ಗಾತ್ರ 5.675 ಲೀಟರ್ ಎಂಬುದನ್ನು ಹೈಸ್ಕೂಲು ವಿದ್ಯಾರ್ಥಿಯೂ ಕಂಡುಹಿಡಿಯಬಲ್ಲ. ಈ ಸಂಖ್ಯೆ ನಮಗೆ ಮುಂದೆ ಬೇಕಾಗುತ್ತದೆ.

ಇಪ್ಪತ್ತು ವರ್ಷ ದುಡಿದ 1613ರ ಮೂತಿಯ ಮೇಲೂ ಅದೇ ಅಂಕಿಗಳಿರುತ್ತವೆ. ಹೊರುವ ತೂಕ ಅಷ್ಟೇ, ಗುರುತ್ವ ವೇಗೋತ್ಕರ್ಷ ಅಷ್ಟೇ, ಇಳಿಯಬೇಕಾದ ಘಾಟಿಯೂ ಅದೇ. ಹಾಗಾದರೆ ಹಳತಾಗುವುದು ಎಂದರೇನು? ಕೆಲಸ ಮಾಡದಿರುವುದು ಎಂದು ತಟ್ಟನೆ ಉತ್ತರಿಸುತ್ತೇವೆ. ಆದರೆ ಹಳೆಯ ಲಾರಿ ದಿನವೂ ಕೆಲಸ ಮಾಡುತ್ತಲೇ ಇರುತ್ತದೆ. ಬ್ರೇಕು ಹಿಡಿಯುತ್ತದೆ, ಎಂಜಿನ್ ಎಳೆಯುತ್ತದೆ, ಸ್ಪ್ರಿಂಗ್ ಪ್ಲೇಟುಗಳು ಹೊರುತ್ತವೆ. ಸವೆದಿರುವುದು ಅವುಗಳ ಹಿಂದಿನ ಮೀಸಲು. ಸಾಮಾನ್ಯ ದಿನಗಳಲ್ಲಿ ಬೇಕಾಗದ, ಕಠಿಣ ಗಳಿಗೆಯಲ್ಲಿ ಮಾತ್ರ ಬೇಕಾಗುವ ಈ ಹೆಚ್ಚುವರಿ ಶಕ್ತಿ ಕಣ್ಣಿಗೆ ಕಾಣುವುದಿಲ್ಲ. ಎರಡನೆಯ ಅಥವಾ ಮೂರನೆಯ ಕೈಯಿಂದ ಲಾರಿ ಕೊಂಡು ತಾನೇ ಓಡಿಸುವ ಸಣ್ಣ ಮಾಲೀಕನಿಗೆ ಸಾಲದ ಕಂತಿನ ಭಾರ ಕಡಿಮೆ, ನಿಜ. ಅದರ ಬದಲಿಗೆ ಅವನು ತೆರುವುದು ದುರಸ್ತಿಯ ಖರ್ಚು. ಕೈಯಲ್ಲಿ ಹಣ ಸಾಲದಾಗ ಅವನು ಮುಂದೂಡುವುದು ಈ ಕಾಣದ ಮೀಸಲಿಗೆ ಸಂಬಂಧಿಸಿದ ಕೆಲಸಗಳನ್ನೇ, ಏಕೆಂದರೆ ಅವುಗಳಿಲ್ಲದೆಯೂ ಗಾಡಿ ಇಂದು ಹೊರಡುತ್ತದೆ.

ಹನ್ನೊಂದು ಕೋಟಿ ಜೂಲ್

ಇದನ್ನು ಒಂದು ಲೆಕ್ಕದಿಂದ ನೋಡೋಣ. ಹಾಸನದ ಕಡೆಯಿಂದ ಮಂಗಳೂರಿಗೆ ಹೋಗುವ ಲಾರಿಗಳು ಸಕಲೇಶಪುರ ದಾಟಿದ ಮೇಲೆ ಶಿರಾಡಿ ಘಾಟಿಯನ್ನು ಇಳಿಯುತ್ತವೆ. ಲೆಕ್ಕ ಸುಲಭವಾಗಲೆಂದು, 16 ಟನ್ ತೂಗುವ ಲಾರಿಯೊಂದು ಇಂತಹ ಘಾಟಿಯಲ್ಲಿ 700 ಮೀಟರ್ ಕೆಳಗಿಳಿಯುತ್ತದೆ ಎಂದುಕೊಳ್ಳೋಣ. ಸರಾಸರಿ ಇಳಿಜಾರು ಶೇ. 4 ಆದರೆ ರಸ್ತೆಯ ಉದ್ದ ಹದಿನೇಳೂವರೆ ಕಿ.ಮೀ. ಲಾರಿ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ, ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ: 16,000 × 9.8 × 700, ಅಂದರೆ ಸುಮಾರು 11 ಕೋಟಿ ಜೂಲ್. ಮೇಲೆ ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದ ಲಾರಿ ಕೆಳಗೂ ಅದೇ ವೇಗದಲ್ಲಿರಬೇಕಾದರೆ ಇಷ್ಟೂ ಶಕ್ತಿಯು ದಾರಿಯಲ್ಲಿಯೇ ಉಷ್ಣವಾಗಿ ಹೊರಹೋಗಬೇಕು. ಹೋಗದೆ ಉಳಿದದ್ದು ವೇಗವಾಗುತ್ತದೆ. ಮೂರನೆಯ ದಾರಿಯಿಲ್ಲ.

ಟೈರುಗಳ ಉರುಳು ಘರ್ಷಣೆ ಸ್ವಲ್ಪ ಶಕ್ತಿಯನ್ನು ಹೀರುತ್ತದೆ. ಅದರ ಗುಣಾಂಕ 0.008 ಎಂದಿಟ್ಟುಕೊಂಡರೆ ಬಲ ಸುಮಾರು 1,250 ನ್ಯೂಟನ್. ಗಾಳಿಯ ತಡೆ ಈ ವೇಗದಲ್ಲಿ 400 ನ್ಯೂಟನ್ನಿಗಿಂತ ಕಡಿಮೆ. ಎರಡೂ ಸೇರಿ ಇಡೀ ಘಾಟಿಯಲ್ಲಿ 3 ಕೋಟಿ ಜೂಲ್ ಕೂಡ ಆಗುವುದಿಲ್ಲ. ಉಳಿದ 8 ಕೋಟಿ ಜೂಲ್‌ಗಳ ಗತಿಯೇನು?

ಅಷ್ಟನ್ನೂ ಬ್ರೇಕುಗಳಿಗೇ ಬಿಟ್ಟೆವೆನ್ನಿ. ನಾಲ್ಕು ಬ್ರೇಕ್ ಡ್ರಮ್‌ಗಳ ಬೀಡುಕಬ್ಬಿಣ ಒಟ್ಟು 200 ಕಿ.ಗ್ರಾಂ., ಅದರ ವಿಶಿಷ್ಟೋಷ್ಣ ಸುಮಾರು 500 ಎಂದಿಟ್ಟುಕೊಂಡರೆ, ಡ್ರಮ್‌ಗಳ ತಾಪವನ್ನು ಒಂದು ಡಿಗ್ರಿ ಏರಿಸಲು 1 ಲಕ್ಷ ಜೂಲ್ ಬೇಕು. 8 ಕೋಟಿಯನ್ನು 1 ಲಕ್ಷದಿಂದ ಭಾಗಿಸಿ: 800 ಡಿಗ್ರಿ. ಕಬ್ಬಿಣ ಕೆಂಪಗೆ ಕಾಯುವ ತಾಪವಿದು. ವಾಸ್ತವದಲ್ಲಿ ಡ್ರಮ್‌ಗಳು ಗಾಳಿಗೆ ಉಷ್ಣವನ್ನು ಬಿಡುತ್ತಲೂ ಇರುತ್ತವೆಯಾದ್ದರಿಂದ ಇಷ್ಟು ಏರುವುದಿಲ್ಲ. ಆದರೆ ಆ ದರವೂ ದೊಡ್ಡದಲ್ಲ, ಚೆನ್ನಾಗಿ ಕಾದ ಡ್ರಮ್ ಒಂದಕ್ಕೆ 5 ಕಿಲೋವಾಟ್‌ನ ಆಸುಪಾಸು. ನಾಲ್ಕಕ್ಕೆ 20.

ಹಾಗಾಗಿ ಒಟ್ಟು ಶಕ್ತಿಗಿಂತ ಅದು ಹೊರಬೀಳುವ ದರ, ಅಂದರೆ ಸಾಮರ್ಥ್ಯ, ಇಲ್ಲಿ ಮುಖ್ಯ. ಘಾಟಿಯಲ್ಲಿ ಇಳಿಜಾರು ಎಲ್ಲೆಡೆ ಶೇ. 4 ಇರುವುದಿಲ್ಲ. ಶೇ. 6 ಇರುವ ಕಡೆ ಲಾರಿಯನ್ನು ಕೆಳಕ್ಕೆ ಎಳೆಯುವ ಬಲ 9,400 ನ್ಯೂಟನ್. ಉರುಳು ಘರ್ಷಣೆ ಮತ್ತು ಗಾಳಿಯ ಪಾಲನ್ನು ಕಳೆದರೆ ಉಳಿಯುವುದು ಸುಮಾರು 7,800. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಇದು 78 ಕಿಲೋವಾಟ್, ಎಂದರೆ ನೂರಕ್ಕೂ ಹೆಚ್ಚು ಅಶ್ವಸಾಮರ್ಥ್ಯ. ಘಾಟಿ ಏರಲು ಎಂಜಿನ್ ಎಷ್ಟು ಹೆಣಗುತ್ತದೆಯೋ ಹೆಚ್ಚುಕಡಿಮೆ ಅಷ್ಟನ್ನು ಇಳಿಯುವಾಗ ಯಾರೋ ಹೀರಿಕೊಳ್ಳಬೇಕು. ಏರುವಾಗ ಎಂಜಿನ್ ಗರ್ಜಿಸುವುದರಿಂದ ಆ ದುಡಿಮೆ ನಮಗೆ ಕೇಳಿಸುತ್ತದೆ. ಇಳಿಯುವಾಗ ಅದು ನಿಶ್ಶಬ್ದ.

ಎಂಜಿನ್ನೇ ಬ್ರೇಕು

ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಹಿಂದಿನ ಚಾಲಕರು ಕ್ಲೀನರ್ ಹುಡುಗರಿಗೆ ಕಲಿಸುತ್ತಿದ್ದ ಪಾಠ. ಇದರ ಹಿಂದಿನ ಭೌತಶಾಸ್ತ್ರ ಅಚ್ಚುಕಟ್ಟಾಗಿದೆ. ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನಿಮಿಷಕ್ಕೆ 2,400 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಸೆಕೆಂಡಿಗೆ 20 ಬಾರಿ ತನ್ನ ಗಾಳಿಯನ್ನು ಹೊರದೂಡುತ್ತದೆ. ನಮ್ಮ 5.675 ಲೀಟರ್ ಇಲ್ಲಿ ಕೆಲಸಕ್ಕೆ ಬರುತ್ತದೆ: ಸೆಕೆಂಡಿಗೆ 113 ಲೀಟರ್‌ಗೂ ಹೆಚ್ಚು ಗಾಳಿ. ಎಂಜಿನ್‌ನ ಒಳಗಿನ ಘರ್ಷಣೆ 2 ವಾತಾವರಣ ಒತ್ತಡಕ್ಕೆ ಸಮ ಎಂದು ಭಾವಿಸಿದರೆ, ಒತ್ತಡವನ್ನು ಗಾತ್ರದಿಂದ ಗುಣಿಸಿದಾಗ ಅದು ಹೀರುವ ಸಾಮರ್ಥ್ಯ ಸುಮಾರು 23 ಕಿಲೋವಾಟ್ ಎಂದು ತಿಳಿಯುತ್ತದೆ.

ಇನ್ನೂ ಒಂದು ಉಪಾಯವಿದೆ. ಹೊಗೆ ಕೊಳವೆಯೊಳಗೆ ಒಂದು ತಟ್ಟೆಯಂತಹ ಕವಾಟವನ್ನಿಟ್ಟು, ಇಳಿಜಾರಿನಲ್ಲಿ ಅದನ್ನು ಮುಚ್ಚುವುದು. ಇದೇ ಎಕ್ಸಾಸ್ಟ್ ಬ್ರೇಕ್. ಆಗ ಪಿಸ್ಟನ್‌ಗಳು ಗಾಳಿಯನ್ನು ಸುಮಾರು 3 ವಾತಾವರಣದಷ್ಟು ಎದುರೊತ್ತಡದ ವಿರುದ್ಧ ದೂಡಬೇಕು. ಮತ್ತೆ ಅದೇ ಗುಣಾಕಾರ: 34 ಕಿಲೋವಾಟ್. ಎರಡೂ ಸೇರಿ 57. ಶೇ. 6ರ ಇಳಿಜಾರಿನ 78 ಕಿಲೋವಾಟ್‌ಗಳಲ್ಲಿ ಬ್ರೇಕಿನ ಪಾಲಿಗೆ ಉಳಿಯುವುದು 21. ಡ್ರಮ್‌ಗಳು ಗಾಳಿಗೆ ಬಿಡಬಲ್ಲದ್ದು 20 ಎಂದು ಮೇಲೆ ನೋಡಿದೆವು. ಲೆಕ್ಕ ಕೂದಲೆಳೆಯಲ್ಲಿ ಸರಿದೂಗುತ್ತದೆ.

ಈಗ ಹಳೆಯ ಲಾರಿಗೆ ಬರೋಣ. ಎಕ್ಸಾಸ್ಟ್ ಬ್ರೇಕಿನ ಕವಾಟಕ್ಕೆ ಮಸಿ ಕಟ್ಟಿ ಅದು ಅಲ್ಲಾಡದಂತಾಗುವುದು ತೀರ ಸಾಮಾನ್ಯ. ಎಂಜಿನ್ ಎಳೆಯಲು ಅದರಿಂದ ತೊಂದರೆಯಿಲ್ಲದ ಕಾರಣ ಯಾರೂ ಬಿಚ್ಚಿ ನೋಡುವುದಿಲ್ಲ. ಮಸಿಯನ್ನು ಕೆರೆದು ಕೀಲು ಸಡಿಲಿಸುವ ಅರ್ಧ ದಿನದ ಕೆಲಸ ಮಾಡದಿದ್ದರೆ ಬ್ರೇಕುಗಳ ಪಾಲು 21ರಿಂದ 55 ಕಿಲೋವಾಟ್‌ಗೆ ಏರುತ್ತದೆ. ಇನ್ನು ನ್ಯೂಟ್ರಲ್‌ನಲ್ಲಿ ಇಳಿಸಿದರೆ ಪೂರ್ತಿ 78. ಡೀಸೆಲ್ ಉಳಿಸಲೆಂದು ಹೀಗೆ ಮಾಡುವವರಿದ್ದಾರೆ. ಅವರ ಲೆಕ್ಕವೇ ತಪ್ಪು. ಗೇರಿನಲ್ಲಿ ಇಳಿಯುವಾಗ ಎಂಜಿನ್ ಚಕ್ರಗಳಿಂದಲೇ ತಿರುಗುತ್ತಿರುತ್ತದೆ, ಆಕ್ಸಲರೇಟರ್ ಮುಟ್ಟದಿದ್ದರೆ ಡೀಸೆಲ್ ಪಂಪಿನ ಗವರ್ನರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಳ್ಳಲು ಡೀಸೆಲ್ ಸುಡಲೇಬೇಕು. ಎಂಜಿನ್ನನ್ನೇ ಆರಿಸಿ ಇಳಿಸಿದರೆ ಗಾಳಿ ತುಂಬುವ ಕಂಪ್ರೆಸರ್ ನಿಂತು, ಪ್ರತಿ ಬಾರಿ ಬ್ರೇಕ್ ಒತ್ತಿದಾಗಲೂ ಟ್ಯಾಂಕಿನ ಒತ್ತಡ ಇಳಿಯುತ್ತಾ ಹೋಗುತ್ತದೆ.

ಹೆಚ್ಚು ಲೋಡು ಹೇರುವ ಪರಿಣಾಮವನ್ನೂ ಇದೇ ಲೆಕ್ಕದಿಂದ ಅಳೆಯಬಹುದು. 16 ಟನ್ನಿನ ಬದಲು 20 ಟನ್ ಎಂದರೆ ಶೇ. 25 ಹೆಚ್ಚಳ. ಅದೇ ಇಳಿಜಾರಿನಲ್ಲಿ ಹೀರಬೇಕಾದ ಸಾಮರ್ಥ್ಯ 98 ಕಿಲೋವಾಟ್ ಆಗುತ್ತದೆ. ಎಂಜಿನ್ ಹೀರುವುದು ಮಾತ್ರ ಅದೇ 57. ಹಾಗಾಗಿ ಬ್ರೇಕುಗಳ ಪಾಲು 21ರಿಂದ 41ಕ್ಕೆ, ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾಲು ಭಾಗ ಹೆಚ್ಚು ಹೇರಿದೆ ಎಂದು ಮಾಲೀಕ ತಿಳಿದರೆ, ಡ್ರಮ್‌ಗಳಿಗೆ ಅದು ಎರಡರಷ್ಟು. ತರಗತಿಯಲ್ಲಿ ಈ ವ್ಯವಕಲನವನ್ನು ಮಾಡಿಸಿ ನೋಡಿ, ವಿದ್ಯಾರ್ಥಿಗಳು ಬೆರಗಾಗುತ್ತಾರೆ.

ಎಂಟು ಮಿಲಿಮೀಟರ್

ಕಾದ ಬ್ರೇಕು ಹಿಡಿಯದಿರುವುದಕ್ಕೆ ಎರಡು ಕಾರಣಗಳಿವೆ. ಲೈನಿಂಗ್‌ನ ಘರ್ಷಣ ಗುಣಾಂಕವು ತಾಪ ಒಂದು ಮಿತಿ ದಾಟಿದ ಮೇಲೆ ಕುಸಿಯುತ್ತದೆ. ಇದು ಹಲವರಿಗೆ ಗೊತ್ತು. ಎರಡನೆಯದು ಅಷ್ಟು ಪರಿಚಿತವಲ್ಲ, ಹಳೆಯ ಲಾರಿಯ ಮಟ್ಟಿಗೆ ಅದೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ. ಪೂರ್ಣ ಗಾಳಿ ಬ್ರೇಕಿನ ಲಾರಿಯಲ್ಲಿ ಚಾಲಕ ಪೆಡಲ್ ಒತ್ತಿದಾಗ ಪ್ರತಿ ಚಕ್ರದ ಬಳಿಯ ಬ್ರೇಕ್ ಚೇಂಬರಿಗೆ ಗಾಳಿ ನುಗ್ಗಿ ಒಂದು ಸರಳನ್ನು ಮುಂದಕ್ಕೆ ತಳ್ಳುತ್ತದೆ. ಆ ಸರಳು ಸ್ಲ್ಯಾಕ್ ಅಡ್ಜಸ್ಟರ್ ಎಂಬ ಸನ್ನೆಯ ಮೂಲಕ ಒಂದು ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಎರಡು ಬ್ರೇಕ್ ಷೂಗಳನ್ನು ಅಗಲಿಸಿ ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಸನ್ನೆಯ ತತ್ತ್ವದಂತೆ ಬಲ ಹೆಚ್ಚಾದಷ್ಟೂ ದೂರ ಕಡಿಮೆ. ಷೂ ಒಂದು ಮಿ.ಮೀ. ಸರಿಯಬೇಕಾದರೆ ಸರಳು ಸುಮಾರು 12 ಮಿ.ಮೀ. ಚಲಿಸಬೇಕು. ಸರಳಿನ ಒಟ್ಟು ಚಲನೆಗೆ ಮಿತಿಯಿದೆ, 60 ಮಿ.ಮೀ. ಆಜುಬಾಜು. ಅದರಾಚೆಗೆ ಅದು ಚೇಂಬರಿನ ಗೋಡೆಗೆ ತಾಗಿ ನಿಲ್ಲುತ್ತದೆ, ಪೆಡಲನ್ನು ಎಷ್ಟೇ ಒತ್ತಿದರೂ ಬಲ ಷೂಗೆ ಮುಟ್ಟುವುದಿಲ್ಲ.

ಲೈನಿಂಗ್ ಸವೆದಂತೆ ಈ ಚಲನೆ ಹೆಚ್ಚುತ್ತಾ ಹೋಗುತ್ತದೆ. ಹಳೆಯ ಲಾರಿಗಳಲ್ಲಿ ಕೈಯಿಂದ ಬಿಗಿಮಾಡುವ ಅಡ್ಜಸ್ಟರ್‌ಗಳೇ ಹೆಚ್ಚು. ಸ್ಪ್ಯಾನರ್ ಹಿಡಿದು ಲಾರಿಯ ಅಡಿಗೆ ಹೋಗಿ ಪ್ರತಿ ಚಕ್ರದ್ದನ್ನೂ ತಿರುಗಿಸಬೇಕು. ಇದನ್ನು ಮರೆತ ಲಾರಿಯಲ್ಲಿ ಸರಳು 50 ಮಿ.ಮೀ. ಚಲಿಸಿದ ಮೇಲೆ ಬ್ರೇಕು ಹಿಡಿಯುತ್ತಿದೆ ಎನ್ನೋಣ. ಹಿಡಿಯುತ್ತಿದೆಯಲ್ಲ ಎಂದು ಚಾಲಕನಿಗೆ ಸಮಾಧಾನ. ಈಗ ಡ್ರಮ್ 300 ಡಿಗ್ರಿಯಷ್ಟು ಕಾಯಲಿ. ಬೀಡುಕಬ್ಬಿಣದ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ 11 ಭಾಗ. 400 ಮಿ.ಮೀ. ವ್ಯಾಸದ ಡ್ರಮ್ 1.3 ಮಿ.ಮೀ. ಹಿಗ್ಗುತ್ತದೆ, ಅಂದರೆ ಒಳಮೈ ಪ್ರತಿ ಷೂವಿನಿಂದ 0.66 ಮಿ.ಮೀ. ದೂರ ಸರಿಯುತ್ತದೆ. ಉಗುರಿನ ದಪ್ಪಕ್ಕೆ ಸಮನಾದ ಈ ಅಂತರವನ್ನು ತುಂಬಲು ಸರಳು ಇನ್ನೂ 8 ಮಿ.ಮೀ. ಮುಂದೆ ಹೋಗಬೇಕು. 50 ಮತ್ತು 8 ಸೇರಿ 58. ಜೊತೆಗೆ ಲೈನಿಂಗ್‌ನ ಗುಣಾಂಕ ಕುಸಿದಿರುವುದರಿಂದ ಚಾಲಕ ಇನ್ನಷ್ಟು ಜೋರಾಗಿ ಒತ್ತುತ್ತಾನೆ, ಆ ಬಲಕ್ಕೆ ಬಿಡಿಭಾಗಗಳು ಬಾಗಿ ಮಿಕ್ಕ 2 ಮಿ.ಮೀ. ಕೂಡ ಮುಗಿಯುತ್ತದೆ. ಚೆನ್ನಾಗಿ ಬಿಗಿ ಮಾಡಿಟ್ಟ ಲಾರಿಯಲ್ಲಾದರೆ ಸರಳು 35ರಿಂದ 43ಕ್ಕೆ ಹೋಗುತ್ತಿತ್ತು, ಚಾಲಕನಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಒಬ್ಬರು ಪೆಡಲ್ ಒತ್ತಿ ಹಿಡಿದು, ಇನ್ನೊಬ್ಬರು ಸರಳಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಅಳತೆಪಟ್ಟಿಯಿಂದ ಅಳೆದರೆ ಈ ಮೀಸಲು ಎಷ್ಟಿದೆ ಎಂಬುದು ಹತ್ತು ನಿಮಿಷಗಳಲ್ಲಿ ಗೊತ್ತಾಗುತ್ತದೆ. ಚಕ್ರಗಳಿಗೆ ಮುಂದೆ ಹಿಂದೆ ಕಟ್ಟೆ ಕೊಟ್ಟು, ಎಂಜಿನ್ ಆರಿಸಿ ಮಾಡಬೇಕಾದ ಕೆಲಸವಿದು.

ಡ್ರಮ್ಮಿನ ಒಳಮೈ ಗೀರುಬಿದ್ದಾಗ ಲೇತ್‌ಗೆ ಹಾಕಿ ಸವರಿಸುವ ರೂಢಿಯಿದೆ. ಒಂದೆರಡು ಬಾರಿ ಸರಿ. ಆದರೆ ಪ್ರತಿ ಬಾರಿಯೂ ಡ್ರಮ್ಮಿನ ಕಬ್ಬಿಣ ಕಡಿಮೆಯಾಗುತ್ತದೆ. ವ್ಯಾಸ 4 ಮಿ.ಮೀ. ಹೆಚ್ಚಿದರೆ ಮೂರು ನಾಲ್ಕು ಕಿಲೋ ಹೋದಂತೆ. ಉಷ್ಣವನ್ನು ಹಿಡಿದಿಡುವ ದ್ರವ್ಯರಾಶಿ ಕಡಿಮೆ, ಗೋಡೆ ತೆಳು, ಷೂವಿನ ಕಮಾನು ಡ್ರಮ್ಮಿನ ಕಮಾನಿಗೆ ಹೊಂದುವುದೂ ಇಲ್ಲ. ಡ್ರಮ್ಮಿನ ಮೇಲೆ ಅಚ್ಚೊತ್ತಿರುವ ಗರಿಷ್ಠ ವ್ಯಾಸದ ಮಿತಿಯನ್ನು ದಾಟಿದ್ದನ್ನು ಗುಜರಿಗೆ ಹಾಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗೆ ಹೋದವರು ಬೆಲೆ ಕೇಳುವ ಮೊದಲು ಈ ಮಿತಿಯನ್ನು ಓದುವುದು ಒಳ್ಳೆಯದು. ಇನ್ನೊಂದು ಮಾತು ಗ್ಯಾರೇಜಿನ ಹುಡುಗರ ಆರೋಗ್ಯದ್ದು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಡ್ರಮ್ ಬಿಚ್ಚಿದಾಗ ಒಳಗಿನ ಕರಿ ಧೂಳನ್ನು ಗಾಳಿಯ ಪೈಪಿನಿಂದ ಊದುವುದನ್ನು ಎಲ್ಲೆಡೆ ನೋಡುತ್ತೇವೆ. ಕಲ್ನಾರಿನ ಎಳೆಗಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ, ಕ್ಯಾನ್ಸರಿಗೆ ಕಾರಣವಾಗುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಟ್ಯಾಂಕಿನೊಳಗಿನ ನೀರು

ಗಾಳಿ ಬ್ರೇಕಿನ ಟ್ಯಾಂಕಿನಿಂದ ದಿನವೂ ನೀರು ಬಿಡಬೇಕೆಂದು ಹೇಳುತ್ತಾರೆ. ಅಷ್ಟು ನೀರು ಎಲ್ಲಿಂದ ಬರುತ್ತದೆ? 30 ಡಿಗ್ರಿ ತಾಪದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಸಾಪೇಕ್ಷ ಆರ್ದ್ರತೆ ಶೇ. 60 ಇರುವ ದಿನ ಅದರಲ್ಲಿ 18 ಗ್ರಾಂ ಇರುತ್ತದೆ. ಇಂತಹ 8 ಘನ ಮೀಟರ್ ಗಾಳಿಯನ್ನು ಒಂದು ಘನ ಮೀಟರಿಗೆ ಒತ್ತಿದರೆ ಒಳಗೆ 144 ಗ್ರಾಂ ಆವಿ. ತಣಿದ ಮೇಲೆ 30 ಗ್ರಾಂ ಮಾತ್ರ ಆವಿಯಾಗಿ ಉಳಿದು, ಮಿಕ್ಕ 114 ಗ್ರಾಂ ನೀರಾಗಲೇಬೇಕು. ಕರಾವಳಿಯ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಈ ನೀರು ಟ್ಯಾಂಕಿನಲ್ಲಿ ಗಾಳಿಯ ಜಾಗವನ್ನು ಕಬಳಿಸುತ್ತದೆ, ಕವಾಟಗಳಿಗೆ ತುಕ್ಕು ಹಿಡಿಸುತ್ತದೆ. ಇಲ್ಲಿಯೂ ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮೇಲಿಂದ ಮೇಲೆ ಬ್ರೇಕ್ ಒತ್ತಬೇಕಾದ ತಿರುವುಗಳಲ್ಲಿ ಒತ್ತಡದ ಮುಳ್ಳು ಬೇಗ ಬೇಗ ಇಳಿಯುತ್ತದೆ.

ಪಿಸ್ಟನ್ ರಿಂಗುಗಳು ಸವೆದ ಎಂಜಿನ್ ಬೆಳಗಿನ ಚಳಿಯಲ್ಲಿ ಹೊತ್ತಿಕೊಳ್ಳದಿರುವುದೂ ಮೀಸಲು ತೀರಿದ್ದರ ಲಕ್ಷಣವೇ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ, ಗಾಳಿಯನ್ನು ಹದಿನೇಳನೆಯ ಒಂದು ಭಾಗಕ್ಕೆ ಒತ್ತಿದಾಗ ಹುಟ್ಟುವ ತಾಪವೇ ಇಂಧನವನ್ನು ಹೊತ್ತಿಸಬೇಕು. ಉಷ್ಣವೂ ಗಾಳಿಯೂ ಸೋರದಿದ್ದರೆ 27 ಡಿಗ್ರಿಯ ಗಾಳಿ 650 ಡಿಗ್ರಿ ಮೀರುತ್ತದೆ. ಸಂಪೀಡನ ಸಮೀಕರಣದ ಘಾತ 1.4ರ ಬದಲು 1.2ಕ್ಕೆ ಇಳಿಯುವಷ್ಟು ಸೋರಿಕೆಯಿದ್ದರೆ ತಾಪ 260 ಡಿಗ್ರಿಯನ್ನೂ ಮುಟ್ಟುವುದಿಲ್ಲ, ಡೀಸೆಲ್ ಹೊತ್ತಿಕೊಳ್ಳುವ ಅಂಚಿಗೆ ಬಂದು ನಿಲ್ಲುತ್ತದೆ. ಸಂಜೆ ಲಾರಿಯನ್ನು ಇಳಿಜಾರು ನೋಡಿ ನಿಲ್ಲಿಸುವ ಚಾಲಕರು ಇದನ್ನು ಚೆನ್ನಾಗಿ ಬಲ್ಲರು. ಜೋಡಿ ಟೈರುಗಳಲ್ಲಿ ಒಂದು ಹೊಸತು, ಇನ್ನೊಂದು ರೀಟ್ರೆಡ್ ಮಾಡಿಸಿದ್ದು ಹಾಕುವವರು ಒಂದು ಸಣ್ಣ ಲೆಕ್ಕ ಮಾಡಬೇಕು. ವ್ಯಾಸದಲ್ಲಿ 10 ಮಿ.ಮೀ. ವ್ಯತ್ಯಾಸವಿದ್ದರೆ ಸುತ್ತಿಗೆ 31 ಮಿ.ಮೀ. ವ್ಯತ್ಯಾಸ. ಎರಡೂ ಒಟ್ಟಿಗೇ ತಿರುಗಬೇಕಾದ್ದರಿಂದ ಕಿಲೋಮೀಟರಿಗೆ ಸುಮಾರು 9 ಮೀಟರ್ ಉಜ್ಜಿಕೊಂಡೇ ಸಾಗಬೇಕು.

ಸ್ಪ್ರಿಂಗ್ ಪ್ಲೇಟುಗಳ ವಿಷಯ ಸ್ವಲ್ಪ ಬೇರೆ. ಅವು ಸವೆಯುವುದಕ್ಕಿಂತ ಬಳಲುತ್ತವೆ. ಮತ್ತೆ ಮತ್ತೆ ಬಾಗುವ ಉಕ್ಕಿನ ಆಯುಷ್ಯವು ಪೀಡನದ ಸುಮಾರು ಐದನೆಯ ಘಾತಕ್ಕೆ ವಿಲೋಮವಾಗಿರುತ್ತದೆ ಎಂದಿಟ್ಟುಕೊಂಡರೆ, ಶೇ. 25 ಹೆಚ್ಚು ಭಾರಕ್ಕೆ ಆಯುಷ್ಯ ಮೂರನೆಯ ಒಂದಕ್ಕೆ ಇಳಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಆಕ್ಸಲ್ ಮೇಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಅದಕ್ಕೆ ಮೊದಲು ತಯಾರಾದ ಲಾರಿಗಳ ಆಕ್ಸಲ್, ಪ್ಲೇಟು, ಡ್ರಮ್‌ಗಳು ಹಿಂದಿನ ಮಿತಿಯನ್ನು ಎದುರಿಗಿಟ್ಟುಕೊಂಡು ರೂಪಿಸಿದವು. ಕಾಗದದ ಮೇಲಿನ ಸಂಖ್ಯೆ ಏರಿದ ಮಾತ್ರಕ್ಕೆ ಹಳೆಯ ಉಕ್ಕಿನ ಆಯುಷ್ಯ ಏರುವುದಿಲ್ಲ.

ತಣ್ಣಗಿನ ಪರೀಕ್ಷೆ

8 ವರ್ಷ ದಾಟಿದ ಸಾರಿಗೆ ವಾಹನವು ಪ್ರತಿವರ್ಷ ಯೋಗ್ಯತಾ ಪ್ರಮಾಣಪತ್ರ ಪಡೆಯಬೇಕು. ಎಲ್ಲರ ಬಾಯಲ್ಲಿ ಇದು ಎಫ್.ಸಿ. 2021ರಲ್ಲಿ ಪ್ರಕಟವಾದ ವಾಹನ ಗುಜರಿ ನೀತಿಯೂ ಯೋಗ್ಯತಾ ಪರೀಕ್ಷೆಗೆ ಹೆಚ್ಚಿನ ಮಹತ್ವ ಕೊಟ್ಟಿತು, ಯಂತ್ರಗಳಿಂದಲೇ ಪರೀಕ್ಷಿಸುವ ಕೇಂದ್ರಗಳು ಅಲ್ಲಲ್ಲಿ ಬಂದಿವೆ. ಅಲ್ಲಿ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕಿನ ಬಲವನ್ನು ಅಳೆಯುತ್ತಾರೆ. ಕಣ್ಣಂದಾಜಿಗಿಂತ ಇದು ಎಷ್ಟೋ ಮೇಲು, ಎಡಬಲಗಳ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಆದರೆ ಅಲ್ಲಿಗೆ ಹೋಗುವುದು ಸಾಮಾನ್ಯವಾಗಿ ಖಾಲಿ ಲಾರಿ, ಡ್ರಮ್‌ಗಳು ತಣ್ಣಗಿರುತ್ತವೆ, ಒತ್ತುವುದು ಕೆಲವೇ ಕ್ಷಣ. 50 ಮಿ.ಮೀ. ಚಲನೆಯ ಬ್ರೇಕು ಅಲ್ಲಿ ಪಾಸಾಗಬಹುದು. ಕೊರತೆಯಾಗುವ 8 ಮಿ.ಮೀ. ಹುಟ್ಟುವುದು ಡ್ರಮ್ ಕಾದ ಮೇಲೆ.

ಕಾದ ಡ್ರಮ್‌ಗಳ ಪರೀಕ್ಷೆಯನ್ನು ಮಾಡಬಲ್ಲವನು ಘಾಟಿ ಇಳಿದ ಚಾಲಕನೇ. ಗುಂಡ್ಯದಂತಹ ತಪ್ಪಲಿನ ಊರಿನಲ್ಲಿ ಚಹಾಕ್ಕೆ ನಿಂತಾಗ, ದೂರದಿಂದಲೇ ತಾಪ ಅಳೆಯುವ ಅವಕೆಂಪು ತಾಪಮಾಪಕದಿಂದ ನಾಲ್ಕೂ ಡ್ರಮ್‌ಗಳನ್ನು ನೋಡಬಹುದು. ಅದು ಈಗ ದುಬಾರಿ ಉಪಕರಣವೇನಲ್ಲ. ಇಲ್ಲದಿದ್ದರೆ ಅಂಗೈಯನ್ನು ಒಂದು ಗೇಣು ದೂರದಲ್ಲಿ ಹಿಡಿದರೂ ಬಿಸಿಯ ಹೆಚ್ಚು ಕಡಿಮೆ ತಿಳಿಯುತ್ತದೆ, ಮುಟ್ಟಬಾರದು. ಒಂದೇ ಆಕ್ಸಲಿನ ಎಡ ಬಲ ಡ್ರಮ್‌ಗಳು ಹೆಚ್ಚುಕಡಿಮೆ ಒಂದೇ ತಾಪದಲ್ಲಿರಬೇಕು. ಒಂದು ಬಹಳ ಬಿಸಿಯಿದ್ದು ಇನ್ನೊಂದು ತಣ್ಣಗಿದ್ದರೆ ಎಲ್ಲರೂ ಬಿಸಿಯಿರುವುದನ್ನು ಬಿಚ್ಚಲು ಹೊರಡುತ್ತಾರೆ. ಷೂ ಕಚ್ಚಿಕೊಂಡಿದ್ದರೆ ಅದು ಸರಿ. ಆದರೆ ಹಲವು ಬಾರಿ ದೋಷವಿರುವುದು ತಣ್ಣಗಿರುವುದರಲ್ಲಿ. ಅದು ತನ್ನ ಪಾಲಿನ ಉಷ್ಣವನ್ನು ಹೊರದೆ ಮಿಕ್ಕ ಮೂರರ ಮೇಲೆ ಹೇರಿರುತ್ತದೆ, ಅದರ ಸರಳನ್ನು ಮೊದಲು ಅಳೆಯಬೇಕು. ಬಿಸಿ ಡ್ರಮ್ಮಿನ ಮೇಲೆ ನೀರು ಸುರಿಯುವ ಅಭ್ಯಾಸ ಬೇಡ. ಹೊರಮೈ ಒಮ್ಮೆಲೇ ಕುಗ್ಗಿ ಒಳಮೈ ಹಿಗ್ಗಿಯೇ ಇರುವಾಗ ಬೀಡುಕಬ್ಬಿಣ ಬಿರುಕು ಬಿಡುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ನಿಂತರೆ ಅದು ತಾನೇ ತಣಿಯುತ್ತದೆ, ಆ ಹೊತ್ತಿನಲ್ಲಿ ಟ್ಯಾಂಕಿನ ನೀರನ್ನೂ ಬಿಡಬಹುದು.